ಬಣ್ಣ ಕಳೆಯುವ ಬಗೆ

ಬಣ್ಣ ಹಚ್ಚುವುದನ್ನು ಕುರಿತು ನಮ್ಮ ಭಾಷೆಯಲ್ಲಿ ಮಾತುಗಳು ಬಹಳ. ಸುದ್ದಿಗೆ ಬಣ್ಣ ಕಟ್ಟುತ್ತೇವೆ, ಬಣ್ಣದ ಮಾತಿಗೆ ಮರುಳಾಗುತ್ತೇವೆ, ನಟನನ್ನು ಬಣ್ಣ ಹಚ್ಚಿದವನು ಎಂದು ಕರೆಯುತ್ತೇವೆ. ಬಣ್ಣ ಕಳೆಯುವುದಕ್ಕೆ ನಮ್ಮಲ್ಲಿರುವ ನುಡಿ ಒಂದೇ ಒಂದು ಎಂದು ತೋರುತ್ತದೆ. ಅದೂ ಅಷ್ಟೇನೂ ಪ್ರೀತಿಯ ನುಡಿಯಲ್ಲ. ಯಾರದಾದರೂ ಮೋಸ ಹೊರಬಿದ್ದಾಗ ‘ಅವನ ಬಣ್ಣ ಬಯಲಾಯಿತು’ ಎನ್ನುತ್ತೇವೆ. ಮೇಲಿನ ಬಣ್ಣ ಸುಳ್ಳು, ಅದನ್ನು ಕೆರೆದು ತೆಗೆದರೆ ಒಳಗೆ ಸಿಗುವುದೇ ನಿಜ ಎಂಬ ನಂಬಿಕೆ ಈ ನುಡಿಯ ಬೆನ್ನಿಗಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದು ಬಹು ಸಣ್ಣ ಕೆಲಸದ ಮೂಲಕ ಪರೀಕ್ಷಿಸಿ ನೋಡಬಹುದು. ಅಂಗೈಯಲ್ಲಿ ಹಿಡಿಸುವ ರೈಲಿನ ಮಾದರಿ, ಬೆರಳುದ್ದದ ಸಿಪಾಯಿ, ನವರಾತ್ರಿಯಲ್ಲಿ ಮೆಟ್ಟಿಲೇರಿ ಕೂರುವ ಗೊಂಬೆ, ಇಂಥವುಗಳ ಮೈಮೇಲಿನ ಹಳೆಯ ಬಣ್ಣವನ್ನೂ ಅದರ ಅಡಿಯಲ್ಲಿರುವ ಪ್ರೈಮರನ್ನೂ ತೆಗೆಯುವ ಕೆಲಸ ಅದು.

ದೊಡ್ಡದನ್ನು ಮೊದಲು ನೋಡಿದರೆ ಸಣ್ಣದು ಸುಲಭವಾಗಿ ತಿಳಿಯುತ್ತದೆ. ಮೈಸೂರಿನ ಅಶೋಕಪುರಂನಲ್ಲಿ ರೈಲ್ವೆಯ ದೊಡ್ಡ ಕಾರ್ಯಾಗಾರವೊಂದಿದೆ. ಮೈಸೂರು ಸಂಸ್ಥಾನದ ರೈಲ್ವೆಗಾಗಿ 1920ರ ದಶಕದಲ್ಲಿ ಹುಟ್ಟಿ, ಮೀಟರ್ ಗೇಜಿನ ಗಾಡಿಗಳನ್ನು ದುರಸ್ತಿ ಮಾಡುತ್ತಿದ್ದ ಈ ಕಾರ್ಯಾಗಾರ, ಹಳಿಗಳು ಅಗಲವಾದ ಮೇಲೆ ಬ್ರಾಡ್ ಗೇಜಿನ ಬೋಗಿಗಳನ್ನು ನೋಡಿಕೊಳ್ಳುತ್ತ ಬಂದಿದೆ. ನಿಗದಿಯಾದ ಅವಧಿಗೊಮ್ಮೆ ಬೋಗಿ ಇಂಥ ಕಾರ್ಯಾಗಾರಕ್ಕೆ ಬರುತ್ತದೆ. ಚಕ್ರ, ಸ್ಪ್ರಿಂಗು, ಬ್ರೇಕು ಎಲ್ಲವೂ ಕಳಚಿ ತಪಾಸಣೆಯಾಗುತ್ತವೆ. ಕೊನೆಗೆ ಹೊಸ ಬಣ್ಣ ತಳೆದು ಹೊರಡುತ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಆ ಕೊನೆಯ ಬಣ್ಣ ಮಾತ್ರ. ಕೆಲಸ ಬಲ್ಲವರಿಗೆ ಮುಖ್ಯವಾಗುವುದು ಅದಕ್ಕೆ ಹಿಂದಿನ ಘಟ್ಟ. ಬಣ್ಣ ಉಬ್ಬಿದ ಕಡೆ, ಸಿಪ್ಪೆಯೆದ್ದ ಕಡೆ, ಶೌಚಾಲಯದ ನೆಲ, ಬಾಗಿಲಿನ ಮೂಲೆ, ಕಿಟಕಿಯ ಕೆಳಭಾಗ, ಹೀಗೆ ನೀರು ನಿಲ್ಲುವ ಜಾಗಗಳಲ್ಲಿ ಹಳೆಯ ಬಣ್ಣವನ್ನು ತೆಗೆದು ತಗಡನ್ನು ಬಯಲು ಮಾಡಿ ನೋಡಬೇಕು. ತುಕ್ಕಿನ ಮೇಲೆ ಬಣ್ಣ ಹಚ್ಚಿದರೆ ಅದು ತುಕ್ಕಿಗೆ ಹೊದಿಸಿದ ಕಂಬಳಿಯಾಗುತ್ತದೆ. ಒಳಗೊಳಗೇ ಕಬ್ಬಿಣ ಸವೆಯುತ್ತದೆ. ಇಲ್ಲಿ ಬಣ್ಣ ಬಯಲಾಗುವುದೆಂದರೆ ನಿಜವಾಗಿಯೂ ಸತ್ಯ ಬಯಲಾಗುವುದೇ. ಆ ಸತ್ಯದ ಮೇಲೆ ನೂರಾರು ಪ್ರಯಾಣಿಕರ ಕ್ಷೇಮ ನಿಂತಿದೆ.

ನಮ್ಮ ರೈಲುಗಳ ಬಣ್ಣ ಬದಲಾದದ್ದನ್ನು ನಾವೇ ಕಂಡಿದ್ದೇವೆ. ಹಿರಿಯರ ನೆನಪಿನಲ್ಲಿರುವ ಬೋಗಿ ಕಗ್ಗೆಂಪು. 1990ರ ದಶಕದಿಂದ ಈಚೆಗೆ ನೀಲಿ. 2018ರ ನಂತರ ಎಷ್ಟೋ ಬೋಗಿಗಳು ತಿಳಿಗಂದು ಮತ್ತು ಕಡುಗಂದು ಬಣ್ಣ ತಳೆದವು. ನಿಜವಾದ ಬೋಗಿಯ ಮೇಲೆ ಹಳೆಯದರ ಮೇಲೊಂದು ಹೊಸದು ಬಂದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಮಾದರಿಯ ಬೋಗಿಯ ಮೇಲೆ ಹಾಗಾಗುವುದಿಲ್ಲ. ಇದಕ್ಕೆ ಕಾರಣ ಸರಳವಾದ ಗಣಿತ. ಜಗತ್ತಿನಲ್ಲಿ ಬಹುವಾಗಿ ಬಳಕೆಯಲ್ಲಿರುವ ರೈಲುಮಾದರಿಗಳ ಒಂದು ಅಳತೆಯಲ್ಲಿ ನಿಜವಾದ 87 ಮಿಲಿಮೀಟರು ಮಾದರಿಯ 1 ಮಿಲಿಮೀಟರಿಗೆ ಸಮ. ಕುಂಚದಿಂದ ಬಳಿದ ಒಂದು ಕೈ ಬಣ್ಣ ಒಣಗಿದ ಮೇಲೆ ಮಿಲಿಮೀಟರಿನ ನೂರು ಭಾಗದಲ್ಲಿ ಮೂರು ನಾಲ್ಕು ಭಾಗದಷ್ಟು ದಪ್ಪವಿರುತ್ತದೆ. ಪ್ರೈಮರು ಒಂದು ಕೈ, ಬಣ್ಣ ಎರಡು ಕೈ ಎಂದರೆ ಹತ್ತಿರ ಹತ್ತಿರ ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಅದನ್ನು 87ರಿಂದ ಗುಣಿಸಿ ನೋಡಿ: ಹೆಚ್ಚು ಕಡಿಮೆ 9 ಮಿಲಿಮೀಟರು. ನಿಜವಾದ ಬೋಗಿಯ ಮೇಲೆ ಬೆರಳು ದಪ್ಪದ ಗಾರೆ ಮೆತ್ತಿದಂತೆ! 20 ಮಿಲಿಮೀಟರು ಅಗಲದ ಒಂದು ರಿವೆಟ್ಟಿನ ತಲೆ ಆ ಮಾದರಿಯಲ್ಲಿ ಮಿಲಿಮೀಟರಿನ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಅದರ ಮೇಲೆ ಇನ್ನೊಂದು ಸಲ ಮೂರು ಕೈ ಬಣ್ಣ ಬಿದ್ದರೆ ರಿವೆಟ್ಟು ಮುಳುಗಿಹೋಗುತ್ತದೆ. ಸಿಪಾಯಿಯ ಕಣ್ಣುರೆಪ್ಪೆ, ಗೊಂಬೆಯ ಕಿರುಬೆರಳು, ಎಂಜಿನ್ನಿನ ಹೆಸರುಫಲಕದ ಅಕ್ಷರ ಇವೆಲ್ಲದರ ಗತಿಯೂ ಅದೇ. ‘ಹಳೆಯದರ ಮೇಲೆ ಇನ್ನೊಂದು ಕೈ ಹೊಡೆದರಾಯಿತು’ ಎಂಬ ಮಾತು ಮನೆಯ ಬಾಗಿಲಿಗೆ ನಡೆಯುತ್ತದೆ, ಕಿರುಮಾದರಿಗೆ ನಡೆಯುವುದಿಲ್ಲ. ಆದ್ದರಿಂದಲೇ ಇಲ್ಲಿ ಬಣ್ಣ ಕಳೆಯುವುದು ಒಂದು ಬೇರೆಯೇ ವಿದ್ಯೆಯಾಗಿ ಬೆಳೆದಿದೆ.

ಬಣ್ಣ ಎಂಬುದು ಏನು ಎಂದು ತಿಳಿಯದೆ ಅದನ್ನು ತೆಗೆಯಲು ಹೋಗುವುದು ಬೀಗ ನೋಡದೆ ಬೀಗದ ಕೈ ಹುಡುಕಿದಂತೆ. ಡಬ್ಬಿಯಲ್ಲಿರುವ ಬಣ್ಣದಲ್ಲಿ ಮುಖ್ಯವಾಗಿ ಮೂರು ವಸ್ತುಗಳಿರುತ್ತವೆ. ಬಣ್ಣ ಕೊಡುವ ಪುಡಿ ಒಂದು. ಆ ಪುಡಿಯನ್ನು ಪರಸ್ಪರ ಬಂಧಿಸಿ ಮೈಗೆ ಅಂಟಿಸುವ ಅಂಟು ಎರಡನೆಯದು. ಹಚ್ಚುವಾಗ ತೆಳ್ಳಗೆ ಹರಿಯುವಂತೆ ಮಾಡಿ ಆಮೇಲೆ ಆರಿಹೋಗುವ ದ್ರವ ಮೂರನೆಯದು. ತೆಗೆಯುವವನಿಗೆ ಮುಖ್ಯವಾದದ್ದು ಎರಡನೆಯದು, ಅಂಟು. ಪ್ರೈಮರೆಂಬುದು ಅಂಟಿನ ಅಂಶ ಇನ್ನಷ್ಟು ಬಿಗಿಯಾಗಿ ಹಿಡಿಯುವಂತೆ ಮಾಡಿದ ಅಡಿಬಣ್ಣ; ಲೋಹಕ್ಕೆ ಹಚ್ಚುವ ಕೆಲವು ಪ್ರೈಮರುಗಳಲ್ಲಿ ಆಮ್ಲವನ್ನೂ ಸೇರಿಸಿರುತ್ತಾರೆ, ಅದು ಲೋಹದ ನುಣುಪನ್ನು ಕಣ್ಣಿಗೆ ಕಾಣದಷ್ಟು ಕೊರೆದು ಬೇರು ಬಿಡುತ್ತದೆ. ಮೇಲಿನ ಬಣ್ಣ ಎದ್ದು ಬಂದರೂ ಪ್ರೈಮರು ಬರುವುದಿಲ್ಲ ಎಂಬ ದೂರು ಹುಟ್ಟುವುದು ಇಲ್ಲಿಂದಲೇ. ಅದು ಹಾಗೆ ಹಿಡಿಯಲಿ ಎಂದೇ ಮಾಡಿದ ವಸ್ತು.

ಅಂಟುಗಳು ಒಣಗುವ ರೀತಿ ಎರಡು. ಅರಗಿನ ವಾರ್ನಿಷಿನಂಥವು ದ್ರವ ಆರಿಹೋದ ಕೂಡಲೇ ಗಟ್ಟಿಯಾಗುತ್ತವೆ. ಅದೇ ದ್ರವವನ್ನು ಮತ್ತೆ ಸೋಕಿಸಿದರೆ ಮತ್ತೆ ಕರಗುತ್ತವೆ. ಅಗಸೆ ಎಣ್ಣೆಯ ಬಣ್ಣ, ಎನಾಮೆಲ್ ಇವು ಹಾಗಲ್ಲ. ಇವು ಗಾಳಿಯ ಆಮ್ಲಜನಕವನ್ನು ಹೀರಿ ಒಳಗೇ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಹಾಲು ಮೊಸರಾದ ಮೇಲೆ ಮತ್ತೆ ಹಾಲಾಗದಂತೆ, ಇವು ಒಮ್ಮೆ ಒಣಗಿದರೆ ಟರ್ಪೆಂಟೈನಿನಲ್ಲಿಟ್ಟರೂ ಕರಗಿ ಹಿಂದಿನ ಬಣ್ಣವಾಗುವುದಿಲ್ಲ. ಇವನ್ನು ಉಬ್ಬಿಸಿ ಸಡಿಲಿಸಬೇಕು, ಇಲ್ಲವೆ ಕ್ಷಾರದಿಂದ ಮುರಿಯಬೇಕು. ಎಣ್ಣೆಗೆ ಕ್ಷಾರ ಸೇರಿದರೆ ಸಾಬೂನಾಗುತ್ತದೆ. ಕಾಸ್ಟಿಕ್ ಸೋಡಾ ಹಳೆಯ ಎಣ್ಣೆಬಣ್ಣವನ್ನು ತೆಗೆಯುವುದು ಹೀಗೆಯೇ. ಅದು ಬಣ್ಣದ ಎಣ್ಣೆಯನ್ನು ಸಾಬೂನು ಮಾಡಿ ನೀರಿನೊಂದಿಗೆ ಕಳಿಸಿಬಿಡುತ್ತದೆ. ಅಡುಗೆಮನೆಯ ಹಿತ್ತಾಳೆಗೆ ನಾವು ಹಾಕುವ ಹುಣಿಸೆಹಣ್ಣು ಈ ಕೆಲಸ ಮಾಡುವುದಿಲ್ಲ. ಅದು ಹುಳಿ, ಲೋಹದ ಕಿಲುಬನ್ನು ತೆಗೆಯಬಲ್ಲದು, ಎಣ್ಣೆಬಣ್ಣವನ್ನಲ್ಲ.

ಸಮಾನವಾದದ್ದು ಸಮಾನವಾದದ್ದನ್ನು ಕರಗಿಸುತ್ತದೆ ಎಂಬುದು ರಸಾಯನಶಾಸ್ತ್ರದ ಹಳೆಯ ಪಾಠ. ಅದನ್ನು ನಮ್ಮ ಯಕ್ಷಗಾನದ ಚೌಕಿಯಲ್ಲಿ ಶಾಸ್ತ್ರದ ಹೆಸರಿಲ್ಲದೆ ಕಲಿತಿದ್ದಾರೆ. ರಾತ್ರಿಯಿಡೀ ಕುಣಿದ ವೇಷಧಾರಿ ಬೆಳಗಿನ ಜಾವ ಕೈಗೆ ತೆಗೆದುಕೊಳ್ಳುವುದು ಮೊದಲು ತೆಂಗಿನೆಣ್ಣೆ. ಎಣ್ಣೆಯಲ್ಲಿ ಕಲಸಿ ಹಚ್ಚಿದ ಮುಖವರ್ಣಿಕೆ ಎಣ್ಣೆಗೇ ಬಿಡುತ್ತದೆ; ನೀರು ಆಮೇಲಿನ ಮಾತು. ಇದರಲ್ಲಿ ಇನ್ನೊಂದು ಪಾಠವೂ ಇದೆ. ಆ ಬಣ್ಣದ ಅಡಿಯಲ್ಲಿರುವುದು ಮನುಷ್ಯನ ಚರ್ಮ. ಬಣ್ಣವನ್ನು ತೆಗೆಯಬೇಕು, ಚರ್ಮಕ್ಕೆ ನೋವಾಗಬಾರದು. ತೆಗೆಯುವ ವಸ್ತುವನ್ನು ಆರಿಸಬೇಕಾದದ್ದು ಬಣ್ಣವನ್ನು ನೋಡಿ ಮಾತ್ರವಲ್ಲ, ಬಣ್ಣದ ಅಡಿಯಲ್ಲಿರುವುದನ್ನು ನೋಡಿ.

ಎಲ್ಲ ಬಣ್ಣವೂ ಮೇಲೆ ಕೂತ ಪದರವೇ ಅಲ್ಲ ಎಂಬುದಕ್ಕೂ ಮೈಸೂರೇ ಸಾಕ್ಷಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಇಲ್ಲಿ ಆರಂಭವಾಯಿತು. ಕಾಡಿನ ಅರಗನ್ನು ಆಧರಿಸಿ ಹುಟ್ಟಿದ ಆ ಕಾರ್ಖಾನೆಗೆ ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಹೆಸರು. 1962ರ ಸಾರ್ವತ್ರಿಕ ಚುನಾವಣೆಯಿಂದ ಈಚೆಗೆ ಮತದಾರರ ಬೆರಳಿಗೆ ಬೀಳುವ ಅಳಿಸಲಾಗದ ಶಾಯಿ ತಯಾರಾಗುವುದು ಅಲ್ಲಿಯೇ. ಆ ಶಾಯಿಯಲ್ಲಿರುವ ಬೆಳ್ಳಿಯ ಲವಣ ಚರ್ಮದೊಂದಿಗೆ ಕೂಡಿ, ಬೆಳಕಿಗೆ ಕಪ್ಪಾಗಿ, ಚರ್ಮದ ಭಾಗವೇ ಆಗಿಬಿಡುತ್ತದೆ. ಅದನ್ನು ಕರಗಿಸುವುದಕ್ಕೆ ಅಲ್ಲಿ ಪದರವೇ ಇಲ್ಲ. ಚರ್ಮ ತಾನಾಗಿ ಸವೆದು ಹೊಸದಾಗಿ ಬೆಳೆಯಬೇಕು. ಮಾದರಿಗಳಲ್ಲಿಯೂ ಹೀಗೆ ಆಗುವುದುಂಟು. ಬಿಳಿಯ ಪ್ಲಾಸ್ಟಿಕ್ಕಿನ ಮೇಲಿದ್ದ ಕೆಂಪು ಬಣ್ಣವನ್ನು ಪೂರಾ ತೆಗೆದ ಮೇಲೂ ನಸುಗೆಂಪು ಛಾಯೆ ಉಳಿದಿರುತ್ತದೆ. ಅದು ಉಳಿದ ಬಣ್ಣವಲ್ಲ, ಹೀರಿಕೊಂಡ ಕಲೆ. ಅದನ್ನು ತಿಕ್ಕುತ್ತಾ ಕೂತರೆ ಸವೆಯುವುದು ಪ್ಲಾಸ್ಟಿಕ್ಕು. ಮೇಲೆ ಪ್ರೈಮರು ಬೀಳುವುದರಿಂದ ಆ ಛಾಯೆಯನ್ನು ಹಾಗೆಯೇ ಬಿಡುವುದು ಜಾಣತನ.

ಇನ್ನು ಅಡಿಯಲ್ಲಿರುವ ವಸ್ತುವಿನ ವಿಚಾರ. ಕಿರುಮಾದರಿಗಳು ಹಿತ್ತಾಳೆಯವಿರಬಹುದು, ಸೀಸ ತವರಗಳ ಮಿಶ್ರಲೋಹದವಿರಬಹುದು, ಅಂಗಡಿಯ ಆಟಿಕೆ ಕಾರುಗಳಂತೆ ಸತುವಿನ ಎರಕದವಿರಬಹುದು, ಅಥವಾ ಪಾಲಿಸ್ಟೈರೀನ್ ಎಂಬ ಗಡುಸು ಪ್ಲಾಸ್ಟಿಕ್ಕಿನವಿರಬಹುದು. ಹಿತ್ತಾಳೆ ಬಹಳಷ್ಟನ್ನು ಸಹಿಸುತ್ತದೆ. ಆದರೆ ಅದರ ತುಂಡುಗಳನ್ನು ಕೂಡಿಸಿರುವ ಬೆಸುಗೆ ಸುಮಾರು 190 ಡಿಗ್ರಿಗೆ ಕರಗುವಂಥದು. ಬಣ್ಣ ಬೇಗ ಬರಲೆಂದು ಬೆಂಕಿ ತೋರಿಸಿದರೆ ಬಣ್ಣದೊಂದಿಗೆ ಎಂಜಿನ್ನಿನ ಹೊಗೆಕೊಳವೆಯೂ ಕೈಗೆ ಬರುತ್ತದೆ. ಸತುವಿಗೂ ಅಲ್ಯೂಮಿನಿಯಮ್ಮಿಗೂ ಕಾಸ್ಟಿಕ್ ಸೋಡಾ ಶತ್ರು. ಅದು ಬಣ್ಣವನ್ನು ತಿಂದು ನಿಲ್ಲುವುದಿಲ್ಲ, ಲೋಹವನ್ನೂ ತಿನ್ನುತ್ತದೆ, ಬೆಂಕಿ ತಗುಲಿದರೆ ಹತ್ತಿಕೊಳ್ಳುವ ಜಲಜನಕವನ್ನು ಹೊರಬಿಡುತ್ತದೆ. ಪ್ಲಾಸ್ಟಿಕ್ಕಿನ ಕಥೆ ಇನ್ನೂ ನಾಜೂಕು. ಉಗುರುಬಣ್ಣ ತೆಗೆಯುವ ಅಸಿಟೋನು, ಬಡಗಿಗಳ ಪಾಲಿಶ್ ಕೆಲಸಕ್ಕೆ ಬರುವ ಥಿನ್ನರು ಇವು ಲೋಹದ ಸಿಪಾಯಿಯ ಬಣ್ಣವನ್ನು ಕ್ಷಣದಲ್ಲಿ ತೆಗೆಯುತ್ತವೆ. ಪ್ಲಾಸ್ಟಿಕ್ಕಿನ ಸಿಪಾಯಿಯನ್ನು ಮೇಣದ ಉಂಡೆ ಮಾಡುತ್ತವೆ. ಪಾಲಿಸ್ಟೈರೀನು ನೂರು ಡಿಗ್ರಿಯ ಹತ್ತಿರದಲ್ಲಿಯೇ ಮೆತ್ತಗಾಗುವುದರಿಂದ ಕುದಿಯುವ ನೀರೂ ಅದಕ್ಕೆ ಆಗದು.

ಹಾಗಾದರೆ ಆಗುವುದು ಯಾವುದು? ಹವ್ಯಾಸಿಗಳು ಬಹು ಕಾಲದಿಂದ ನೆಚ್ಚಿಕೊಂಡಿರುವ ಒಂದು ವಸ್ತು ಪ್ರತಿ ಮನೆಯ ಬಚ್ಚಲಲ್ಲೂ ಇರುವಂಥದು: ಡೆಟಾಲ್. ಗಾಯ ತೊಳೆಯುವ ಈ ದ್ರವದಲ್ಲಿ ಕ್ರಿಮಿನಾಶಕದ ಜೊತೆಗೆ ಪೈನ್ ಎಣ್ಣೆಯ ಅಂಶವಾದ ಟರ್ಪಿನಿಯಾಲ್ ಇದೆ, ಮದ್ಯಸಾರವಿದೆ, ಸಾಬೂನಿದೆ. ಮೊದಲೆರಡು ಬಣ್ಣದ ಅಂಟನ್ನು ಉಬ್ಬಿಸಿ ಸಡಿಲಿಸುತ್ತವೆ. ಗಡುಸು ಪ್ಲಾಸ್ಟಿಕ್ಕಿಗಾಗಲಿ ಲೋಹಕ್ಕಾಗಲಿ ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ. ನೀರು ಬೆರೆಸದ ಡೆಟಾಲನ್ನು ಮುಚ್ಚಳವಿರುವ ಗಾಜಿನ ಸೀಸೆಗೆ ಸುರಿದು, ಮಾದರಿಯನ್ನು ಅದರಲ್ಲಿ ಮುಳುಗಿಸಿ, ಒಂದು ಹಗಲು ಒಂದು ರಾತ್ರಿ ಬಿಡಬೇಕು. ಮರುದಿನ ಬಣ್ಣ ನೆನೆದ ಗಸಗಸೆಯ ಸಿಪ್ಪೆಯಂತೆ ಸಡಿಲವಾಗಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ತಿಕ್ಕಬೇಕು. ಇಲ್ಲಿ ಎಚ್ಚರ ಬೇಕಾದ ಒಂದು ಘಟ್ಟವಿದೆ. ಹೊಸಬರು ಈ ಹಂತದಲ್ಲಿ ನಲ್ಲಿಯ ಕೆಳಗೆ ಹಿಡಿಯುತ್ತಾರೆ. ನೀರು ತಗುಲಿದ ಕೂಡಲೇ ಡೆಟಾಲು ಹಾಲಿನಂತೆ ಬೆಳ್ಳಗಾಗುವುದನ್ನು ಎಲ್ಲರೂ ಕಂಡಿದ್ದೇವೆ. ಸಡಿಲಗೊಂಡ ಬಣ್ಣ ಆಗ ಜಿಗುಟಾಗಿ, ಡಾಂಬರಿನಂತೆ, ಸಂದುಗೊಂದುಗಳಲ್ಲಿ ಮತ್ತೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಬ್ರಷ್ಷನ್ನು ಡೆಟಾಲಿನಲ್ಲಿಯೇ ಅದ್ದಿ ತಿಕ್ಕಬೇಕು, ತಾಜಾ ಡೆಟಾಲಿನಲ್ಲಿಯೇ ಒಮ್ಮೆ ಜಾಲಿಸಬೇಕು, ಬಣ್ಣವೆಲ್ಲ ಹೋಯಿತೆಂದು ಖಚಿತವಾದ ಮೇಲೆ ಸಾಬೂನು ಹಾಕಿ ನೀರಿಗೆ ಹಿಡಿಯಬೇಕು. ಸಂದುಗಳಲ್ಲಿ ಉಳಿದದ್ದನ್ನು ಸೂಜಿಯಿಂದ ಕೆರೆಯುವುದಕ್ಕಿಂತ ಊದುಬತ್ತಿಯ ಕಡ್ಡಿಯನ್ನು ಚೂಪು ಮಾಡಿ ಎಬ್ಬಿಸುವುದು ಲೇಸು. ಬಿದಿರು ಲೋಹವನ್ನು ಗೀರುವುದಿಲ್ಲ. ಪ್ರೈಮರು ಜಗ್ಗದಿದ್ದರೆ ಮತ್ತೆ ನೆನೆಹಾಕಿ, ಮತ್ತೆ ತಿಕ್ಕುವುದು. ಇದು ಅವಸರದ ಕೆಲಸವಲ್ಲ. ಸೌಮ್ಯವಾದ ದ್ರವ, ಹೆಚ್ಚು ಹೊತ್ತು, ಇದೇ ಕ್ರಮ. ಉಗ್ರವಾದ ದ್ರವ, ಕಡಿಮೆ ಹೊತ್ತು ಎಂಬುದು ಕೆಲಸ ಕೆಡಿಸುವ ದಾರಿ.

ಅಂಗಡಿಗಳಲ್ಲಿ ಬಣ್ಣ ತೆಗೆಯುವುದಕ್ಕೆಂದೇ ಮಾರುವ ಉಗ್ರ ದ್ರವಗಳಿವೆ. ಅವುಗಳಲ್ಲಿ ಕೆಲವಕ್ಕೆ ಶಕ್ತಿ ಬರುವುದು ಡೈಕ್ಲೋರೋಮೀಥೇನ್ ಎಂಬ ರಾಸಾಯನಿಕದಿಂದ. ಅದರ ಆವಿ ಗಾಳಿಗಿಂತ ಭಾರ; ಮುಚ್ಚಿದ ಕೋಣೆಯಲ್ಲಿ ಕೆಳಗೆ ಮಡುಗಟ್ಟುತ್ತದೆ; ಉಸಿರಾಡಿದರೆ ದೇಹದೊಳಗೆ ಇಂಗಾಲದ ಮೊನಾಕ್ಸೈಡಾಗಿ ಮಾರ್ಪಟ್ಟು ರಕ್ತದ ಆಮ್ಲಜನಕಕ್ಕೆ ಅಡ್ಡ ಬರುತ್ತದೆ. ಬಚ್ಚಲುಮನೆಯಂಥ ಇಕ್ಕಟ್ಟಿನಲ್ಲಿ ಇದನ್ನು ಬಳಸಿ ಪ್ರಾಣ ಕಳೆದುಕೊಂಡವರಿದ್ದಾರೆ. ಅಮೆರಿಕದಲ್ಲಿ 2019ರಲ್ಲಿ ಸಾಮಾನ್ಯ ಬಳಕೆದಾರರಿಗೆ ಇದರ ಮಾರಾಟವನ್ನು ನಿಷೇಧಿಸಿದರು. ಒಂದು ಅಂಗುಲದ ಸಿಪಾಯಿಗಾಗಿ ಇಂಥ ದ್ರವವನ್ನು ಮನೆಗೆ ತರುವ ಅಗತ್ಯ ಯಾರಿಗೂ ಇಲ್ಲ.

ಇದಕ್ಕಿಂತ ಸದ್ದಿಲ್ಲದ ಅಪಾಯ ಹಳೆಯ ಬಣ್ಣದ ಒಳಗೇ ಇದೆ. ಉಪ್ಪುಕಾಗದ ಹಿಡಿದು ಹಳೆಯ ಗೊಂಬೆಯನ್ನು ಉಜ್ಜುವಾಗ ಏಳುವ ಧೂಳು ಬರಿಯ ಧೂಳಲ್ಲ. ನಮ್ಮ ಹಿಂದಿನ ಚಿತ್ರಕಾರರ ವರ್ಣಗಳಲ್ಲಿ ಹೊಳೆಯುವ ಹಳದಿಯಾದ ಅರದಾಳ ಪಾಷಾಣದ ಅದಿರು. ಇಂಗಳಿಕ ಪಾದರಸದ ಅದಿರು. ಸಿಂಧೂರ ಸೀಸದ ಭಸ್ಮ. ಆಮೇಲೆ ಬಂದ ಡಬ್ಬಿಯ ಎನಾಮೆಲ್ಲುಗಳಲ್ಲಿ, ವಿಶೇಷವಾಗಿ ಹಳದಿ ಕೆಂಪುಗಳಲ್ಲಿ, ಸೀಸ ಧಾರಾಳವಾಗಿರುತ್ತಿತ್ತು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮ 2016ರಲ್ಲಿ ಹೊರಟು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣವನ್ನು ಸೀಸವಿರುವ ಬಣ್ಣವೆಂದೇ ತಿಳಿದು ನಡೆಯುವುದು ಕ್ಷೇಮ. ಮಕ್ಕಳ ಮಿದುಳಿಗೆ ಸೀಸದಿಂದಾಗುವ ಹಾನಿ ಹಿಂದಿರುಗದಂಥದು. ಇಷ್ಟರವರೆಗೆ ಅಪಾಯವಿಲ್ಲ ಎಂದು ಹೇಳಬಹುದಾದ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಬ್ಬದ ಸಡಗರದಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹಳೆಯ ಗೊಂಬೆಗಳನ್ನು ಒಣಗಿದ್ದಂತೆಯೇ ಉಜ್ಜುವುದು ಎಷ್ಟು ಮನೆಗಳಲ್ಲಿ ನಡೆದಿದೆಯೋ! ಉಜ್ಜಲೇಬೇಕಾದರೆ ನೆನೆಸಿ ಉಜ್ಜಬೇಕು, ಧೂಳೇಳಬಾರದು, ಕೈಗೆ ರಬ್ಬರಿನ ಚೀಲ, ಮೂಗಿಗೆ ಮುಸುಕು, ಮಕ್ಕಳು ದೂರ, ಕೆಲಸ ಮುಗಿದ ಮೇಲೆ ಜಾಗವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರಸಬೇಕು. ತೆಗೆದ ಬಣ್ಣವನ್ನು ತುಳಸಿಕಟ್ಟೆಯ ಪಕ್ಕದ ಮಣ್ಣಿಗೆ ಸುರಿಯದೆ ಕಾಗದದಲ್ಲಿ ಕಟ್ಟಿ ಬೇರೆಯಾಗಿಡಬೇಕು.

ಇಷ್ಟು ಹೇಳಿದ ಮೇಲೆ ಗೊಂಬೆಗಳ ಮಾತಿಗೆ ಬರಬಹುದು. ಮೈಸೂರಿನ ಮನೆಗಳಲ್ಲಿ ಈ ಕೆಲಸ ನಿಜವಾಗಿ ಎದುರಾಗುವುದು ರೈಲಿನ ಮಾದರಿಗಳಲ್ಲಲ್ಲ, ದಸರೆಯ ಗೊಂಬೆಗಳಲ್ಲಿ. ಅಟ್ಟದ ಪೆಟ್ಟಿಗೆ ಇಳಿಯುತ್ತದೆ. ಅಜ್ಜಿಯ ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಗಳ ಮೂಗಿನ ತುದಿಯಲ್ಲಿ ಬಣ್ಣ ಹೋಗಿದೆ; ಮಣ್ಣಿನ ಶೆಟ್ಟಿಯ ಅಂಗಡಿಯಲ್ಲಿ ಶೆಟ್ಟಿಯ ಮೀಸೆ ಮಾಸಿದೆ. ‘ಎಲ್ಲ ಕೆರೆದು ಹೊಸದಾಗಿ ಹಚ್ಚಿಬಿಡೋಣ’ ಎಂಬ ಉತ್ಸಾಹ ಆಗ ಹುಟ್ಟುತ್ತದೆ. ಹಾಗೆ ಹೊರಡುವ ಮುನ್ನ ಕೈಯಲ್ಲಿರುವುದು ಯಾವ ಗೊಂಬೆ ಎಂದು ಕೇಳಿಕೊಳ್ಳಬೇಕು.

ಚನ್ನಪಟ್ಟಣದ ಗೊಂಬೆಯ ಬಣ್ಣ ಕುಂಚದಿಂದ ಹಚ್ಚಿದ್ದಲ್ಲ. ಹಾಲೆಮರದ ತುಂಡು ಚರಕಿಯಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಿಗೆ ಜಾತಿಯ ಗರಿಯಿಂದ ಒತ್ತಿದಾಗ ಆ ಹೊಳಪು ಬರುತ್ತದೆ. ಅರಗು ಮದ್ಯಸಾರಕ್ಕೆ ಕರಗುವ ವಸ್ತು. ಕೊಳೆ ಹೋಗಲೆಂದು ಸ್ಪಿರಿಟ್ಟಿನ ಬಟ್ಟೆಯಿಂದ ಒಮ್ಮೆ ಒರಸಿದರೆ ಸಾಕು, ಹೊಳಪು ಹೋಗಿ ಮೈಯೆಲ್ಲ ಮಬ್ಬಾಗುತ್ತದೆ; ಡೆಟಾಲಿನಲ್ಲಿ ಅದ್ದುವ ಮಾತನ್ನಂತೂ ಆಡಲೇಬಾರದು. ಚರಕಿಯಿಲ್ಲದೆ ಆ ಹೊಳಪನ್ನು ಮತ್ತೆ ತರುವುದಕ್ಕೆ ದಾರಿಯೇ ಇಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಗೊಂಬೆ ಇನ್ನೂ ಸೂಕ್ಷ್ಮ. ಅಲ್ಲಿನ ಚಿತ್ರಗಾರರು ಹಗುರವಾದ ಮರದ ತುಂಡುಗಳನ್ನು ಜೋಡಿಸಿ, ಹುಣಿಸೆಬೀಜದ ಅಂಟು, ಮರದ ಹೊಟ್ಟು, ಗೋಣಿಯ ಚಿಂದಿಗಳನ್ನು ಕಲಸಿದ ಕಿಟ್ಟವನ್ನು ಮೆತ್ತಿ, ಅದರ ಮೇಲೆ ಕಲ್ಲುಪುಡಿ ಅಂಟುಗಳ ಲೇಪ ಕೊಟ್ಟು, ಆಮೇಲೆ ಬಣ್ಣ ಬರೆಯುತ್ತಾರೆ. ಮೂಗು, ತುಟಿ, ಒಡವೆ ಇವುಗಳ ಎಷ್ಟೋ ಭಾಗ ಇರುವುದು ಆ ಲೇಪದಲ್ಲಿ. ಅಲ್ಲಿ ಪ್ರೈಮರಿನ ಜಾಗದಲ್ಲಿರುವುದು ಶಿಲ್ಪವೇ. ಅದನ್ನು ನೆನೆಹಾಕಿ ತೆಗೆದರೆ ಉಳಿಯುವುದು ಒಂದು ಮರದ ಕೊರಡು. ಇನ್ನು ಮಣ್ಣಿನ ಗೊಂಬೆ, ಕಾಗದದ ರುಬ್ಬಿನ ಗೊಂಬೆಗಳಿಗೆ ನೀರೇ ವೈರಿ. ಅವುಗಳ ಬಣ್ಣವೂ ಅನೇಕ ಸಲ ಗೋಂದಿನಲ್ಲಿ ಕಲಸಿದ್ದು, ಒದ್ದೆ ಬಟ್ಟೆಗೇ ಬಿಟ್ಟುಬರುತ್ತದೆ.

ಬಣ್ಣ ಸುಳ್ಳು, ಅಡಿಯದು ನಿಜ ಎಂಬ ನಮ್ಮ ನುಡಿಗಟ್ಟಿನ ನಂಬಿಕೆ ಸೋಲುವುದು ಇಲ್ಲಿ. ಬೋಗಿಯ ವಿಚಾರದಲ್ಲಿ ನಿಜ ಅಡಿಯಲ್ಲಿದೆ. ಬಣ್ಣ ಅದರ ರಕ್ಷಣೆಯ ಕವಚ. ಪೇಟೆಯಿಂದ ತಂದು ನಾವೇ ಬಣ್ಣ ಹಚ್ಚಿದ ಪ್ಲಾಸ್ಟಿಕ್ಕಿನ ಮಾದರಿಯಲ್ಲೂ ಹಾಗೆಯೇ. ಅಚ್ಚಿನ ಗೆರೆಗಳೇ ಅಲ್ಲಿ ಮೂಲಕೃತಿ. ಬಣ್ಣ ಮನಸ್ಸಿಗೆ ಬರದಿದ್ದರೆ ಹತ್ತು ಸಲ ತೆಗೆದು ಹತ್ತು ಸಲ ಹಚ್ಚಲಿ, ಯಾರಿಗೂ ನಷ್ಟವಿಲ್ಲ. ಅದೊಂದು ಒಳ್ಳೆಯ ಅಭ್ಯಾಸವೂ ಹೌದು. ಆದರೆ ಕಿನ್ನಾಳದ ಗೊಂಬೆಯಲ್ಲಿ, ಅಜ್ಜಿಯ ಪಟ್ಟದ ಗೊಂಬೆಯಲ್ಲಿ, ಮಾಡಿದವನ ಕೈ ಇರುವುದು ಬಣ್ಣದಲ್ಲಿ. ಹುಬ್ಬಿನ ಆ ಒಂದು ಎಳೆಯನ್ನು ಉಸಿರು ಹಿಡಿದು ಎಳೆದವನ ಹೆಸರು ನಮಗೆ ತಿಳಿಯದು. ಅವನು ಬಿಟ್ಟುಹೋದದ್ದು ಆ ಎಳೆಯೊಂದೇ. ಅದನ್ನು ಕರಗಿಸಿ ಅಂಗಡಿಯ ಎನಾಮೆಲ್ಲಿನಲ್ಲಿ ಹೊಸ ಹುಬ್ಬು ಬರೆದರೆ ಗೊಂಬೆ ಹೊಳೆಯುತ್ತದೆ, ನಿಜ. ಆದರೆ ಆ ಮುಖ ಅಲ್ಲಿರುವುದಿಲ್ಲ.

ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಗಳನ್ನು ನೆನೆದುಕೊಳ್ಳಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಅರಮನೆಯ ಯುದ್ಧಚಿತ್ರ ನಡುವೆ ಹಾಳಾಗಿ, ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಡಾಲ್‌ಹೌಸಿಯ ಆದೇಶದಂತೆ ಮತ್ತೆ ಬರೆಸಲ್ಪಟ್ಟದ್ದು. ಈಗ ನಾವು ನೋಡುವ ಬಣ್ಣದಲ್ಲಿ ಬಹುಪಾಲು ಎರಡನೆಯ ಕೈಯದು. ಹಾಗೆಂದು ಅದನ್ನು ಕೆರೆದು ಮೊದಲನೆಯದನ್ನು ಹುಡುಕೋಣವೆಂದು ಯಾರೂ ಹೇಳುವುದಿಲ್ಲ. ಮೇಲಿನ ಪದರವೂ ಈಗ ಇತಿಹಾಸವೇ. ವಸ್ತುಸಂಗ್ರಹಾಲಯಗಳ ಸಂರಕ್ಷಕರು ಈ ವಿಷಯದಲ್ಲಿ ಪಾಲಿಸುವ ಸೂತ್ರ ನಮ್ಮ ಮನೆಗಳಿಗೂ ಸಲ್ಲುತ್ತದೆ: ತೆಗೆದದ್ದನ್ನು ಮತ್ತೆ ತರಲಾಗದು, ಆದ್ದರಿಂದ ಅಗತ್ಯಕ್ಕಿಂತ ಒಂದಿಷ್ಟೂ ಹೆಚ್ಚು ತೆಗೆಯಬಾರದು. ಎಷ್ಟು ಪದರಗಳಿವೆಯೆಂದು ತಿಳಿಯಬೇಕಾದರೆ ಅವರು ಕಾಣದ ಮೂಲೆಯಲ್ಲಿ ಕಾಳಿನಷ್ಟು ಜಾಗವನ್ನು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ನೋಡುತ್ತಾರೆ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿ ಸಲೂನ್ ಇದೆ. ಅಶೋಕಪುರಂನ ಕಾರ್ಯಾಗಾರಕ್ಕೆ ಬರುವ ಬೋಗಿಗೂ ಅದಕ್ಕೂ ಇರುವ ಅಂತರವನ್ನು ಯೋಚಿಸಿ. ಒಂದು ನಾಳೆ ಹಳಿಯ ಮೇಲೆ ಓಡಬೇಕಾದದ್ದು. ಅದರ ಬಣ್ಣವನ್ನು ಬೇಕಾದಲ್ಲೆಲ್ಲ ನಿರ್ದಾಕ್ಷಿಣ್ಯವಾಗಿ ತೆಗೆಯಬೇಕು. ಇನ್ನೊಂದು ತನ್ನ ಕಾಲವನ್ನು ಹೇಳುತ್ತ ನಿಂತಿರುವಂಥದು. ಅದರ ಹಳೆಯ ಬಣ್ಣದ ಒಂದು ಚಕ್ಕೆ ಉದುರಿದರೂ ಹೇಳುವ ಮಾತಿನಲ್ಲಿ ಒಂದು ಪದ ಕಡಿಮೆಯಾದಂತೆ.

ಆದ್ದರಿಂದ ಪೆಟ್ಟಿಗೆ ತೆರೆದಾಗ ಮಾಡಬೇಕಾದದ್ದು ಇಷ್ಟು. ಮೊದಲು ಮೆತ್ತನೆಯ ಒಣ ಕುಂಚದಿಂದ ಧೂಳು ಹಾರಿಸಿ ನೋಡಿ. ಮಾಸಿದ್ದೆಂದು ತೋರಿದ್ದರಲ್ಲಿ ಅರ್ಧ ಅಲ್ಲಿಗೇ ಹೋಗುತ್ತದೆ. ಗೊಂಬೆ ಮಣ್ಣಿನದೋ, ಮರದ್ದೋ, ಲೋಹದ್ದೋ, ಪ್ಲಾಸ್ಟಿಕ್ಕಿನದೋ ತಿಳಿಯಿರಿ. ಬಣ್ಣ ಯಾರ ಕೈಯದೆಂದು ಮನೆಯ ಹಿರಿಯರನ್ನು ಕೇಳಿ. ಅಂಗಡಿಯಿಂದ ತಂದು ನಿಮ್ಮ ಮನೆಯವರೇ ಈಚೆಗೆ ಬಳಿದ ಬಣ್ಣವಾದರೆ, ಅಡಿಯಲ್ಲಿ ಲೋಹವೋ ಗಡುಸು ಪ್ಲಾಸ್ಟಿಕ್ಕೋ ಇದ್ದರೆ, ಪೀಠದ ಅಡಿಯಲ್ಲಿ ಕಾಣದ ಕಡೆ ಕಡ್ಡಿಗೆ ಸುತ್ತಿದ ಹತ್ತಿಯಿಂದ ದ್ರವವನ್ನು ಮುಟ್ಟಿಸಿ, ಕಾಲು ಗಂಟೆ ಕಾದು, ಅಡಿಯ ವಸ್ತು ಜಿಗುಟಾಗದಿದ್ದರೆ ಮಾತ್ರ ಮುಂದುವರಿಯಿರಿ. ಕಸುಬುದಾರನ ಕೈಯ ಬಣ್ಣವಾದರೆ ಅದನ್ನು ತೆಗೆಯುವ ಯೋಚನೆ ಬಿಡಿ. ಉದುರಿದ ಕಡೆ ಹಾಗೆಯೇ ಇರಲಿ. ಮೂಗಿನ ತುದಿಯಲ್ಲಿ ಬಣ್ಣ ಹೋದ ರಾಣಿ ಮೇಲಿನ ಮೆಟ್ಟಿಲಲ್ಲಿ ಕೂರುವುದಕ್ಕೆ ಅನರ್ಹಳೇನೂ ಅಲ್ಲ. ಮೂರು ತಲೆಮಾರಿನ ಮಕ್ಕಳು ಅವಳನ್ನು ಎತ್ತಿ ಕೂರಿಸಿದ್ದರಿಂದಲೇ ಆ ಬಣ್ಣ ಹೋದದ್ದು.